ಶ್ರೀರಂಗಪಟ್ಟಣದ ಪತನಾನಂತರ ಮೈಸೂರಿನಲ್ಲಿ ಮತವೂ ರಾಜಸೇವೆಯೂ

1799ನೆಯ ಇಸವಿ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದು ಟಿಪ್ಪು ಸುಲ್ತಾನನು ಮಡಿದ ಮೇಲೆ, ಮೈಸೂರಿನಲ್ಲಿ ಮುಸಲ್ಮಾನ ಪ್ರಭುತ್ವವಳಿದು ಹಿಂದೂ ಪ್ರಭುತ್ವವು ಮರಳಿತೆಂದು ಹೇಳುವುದು ವಾಡಿಕೆ. ಈ ಮಾತು ಪೂರ್ತಿ ಸುಳ್ಳಲ್ಲ. ಆದರೆ ರಾಜ್ಯವನ್ನು ಹೀಗೆ ಮತದ ಹೆಸರಿನಿಂದ ಗುರುತಿಸುವ ಕ್ರಮವು ಅದರಲ್ಲಿ ಬಾಳಿದವರದೋ ಅದನ್ನು ಗೆದ್ದವರದೋ ಎಂಬುದು ವಿಚಾರಾರ್ಹವಾಗಿದೆ.

ಪೂರ್ಣಯ್ಯನ ನಡೆಯನ್ನೇ ನೋಡಬಹುದು. ಆತನು ಮಾಧ್ವ ಬ್ರಾಹ್ಮಣ. ಹೈದರನ ಕಾಲದಿಂದಲೂ ಹಣಕಾಸಿನ ಅಧಿಕಾರವನ್ನು ವಹಿಸಿದ್ದವನು. ಪಟ್ಟಣವು ಕೈಬಿಟ್ಟ ಬಳಿಕ ಆತನು ಜನರಲ್ ಹ್ಯಾರಿಸನಿಗೆ ಕೊಟ್ಟ ಸಲಹೆಯೆಂದರೆ, ಟಿಪ್ಪುವಿನ ಹಿರಿಯ ಮಗ ಫತೇ ಹೈದರನಿಗೇ ಪಟ್ಟಗಟ್ಟಬೇಕೆಂಬುದು. ರಾಜ್ಯದ ಪ್ರತಿಯೊಂದು ಇಲಾಖೆಯಲ್ಲಿಯೂ ಮುಸಲ್ಮಾನರ ಹಿತವು ಹೆಣೆದುಕೊಂಡಿರುವುದರಿಂದ ಬೇರೆ ಏರ್ಪಾಡು ಸೈನ್ಯಕ್ಕೆ ಒಪ್ಪಿಗೆಯಾಗಲಾರದೆಂದು ಆತನ ವಾದ. ಇದು ಸ್ವಾಮಿಭಕ್ತಿಯೋ ಮುತ್ಸದ್ದಿಯ ಲೆಕ್ಕಾಚಾರವೋ? ನಮಗೆ ಎರಡೂ ಇದ್ದಂತೆ ತೋರುತ್ತದೆ. ಮತಭೇದವನ್ನು ಆತನು ಚೆನ್ನಾಗಿ ಬಲ್ಲವನು. ಆದರೂ ರಾಜ್ಯದ ಆಧಾರವನ್ನು ಅನ್ನದ ಋಣದಲ್ಲಿ ಕಂಡನು. ಕೊಡಗು ಮಲೆಯಾಳಗಳಲ್ಲಿ ಬಲವಂತದ ಮತಾಂತರಗಳನ್ನು ಮಾಡಿಸಿದ ಟಿಪ್ಪುವೇ, 1791ರಲ್ಲಿ ಮರಾಠಾ ದಂಡು ಶೃಂಗೇರಿಯನ್ನು ಸೂರೆಮಾಡಿದಾಗ ಮಠಕ್ಕೆ ನೆರವಿತ್ತನು. ಆ ಕನ್ನಡ ಪತ್ರಗಳು 1916ರಲ್ಲಿ ಆರ್. ನರಸಿಂಹಾಚಾರ್ಯರಿಂದ ಬೆಳಕಿಗೆ ಬಂದವು.

ವೆಲ್ಲೆಸ್ಲಿಯ ಲೆಕ್ಕ ಬೇರೆ. ಟಿಪ್ಪುವಿನ ಮಕ್ಕಳು ಕಳೆದುಕೊಂಡುದನ್ನು ಮರೆಯರು. ಒಡೆಯರ ವಂಶವಾದರೋ ಪಡೆದುದಕ್ಕಾಗಿ ಕಂಪನಿಗೆ ಋಣಿಯಾಗಿರುವುದು. ಜೂನ್ 30ರಂದು, ಐದು ವರ್ಷ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟವಾಯಿತು. ದಿವಾನನಾದವನು ಅದೇ ಪೂರ್ಣಯ್ಯ. ಟಿಪ್ಪುವಿನ ಕುಟುಂಬವನ್ನು ವೇಲೂರಿಗೂ, 1806ರ ಸಿಪಾಯಿ ದಂಗೆಯ ತರುವಾಯ ಕಲ್ಕತ್ತೆಗೂ ಸಾಗಿಸಿದರು. ಮೈಸೂರಿನ ಕೋಟೆಯನ್ನು ಕೆಡಹಿಸಿ ಆ ಕಲ್ಲುಗಳಿಂದ ಟಿಪ್ಪು ಪೂರ್ವದ ದಿಣ್ಣೆಯ ಮೇಲೆ ನಜರಬಾದಿನ ಕೋಟೆಯನ್ನು ಕಟ್ಟಿಸತೊಡಗಿದ್ದನು. ಅವೇ ಕಲ್ಲುಗಳು ಈಗ ಮರಳಿ ಬಂದು ಹಳೆಯ ಕೋಟೆಯ ಗೋಡೆಗೆ ಸೇರಿದುವು. ಹೆಸರು ಮಾತ್ರ ಒಂದು ಬಡಾವಣೆಗೆ ಉಳಿದಿದೆ.

ಸೈನ್ಯವು ಚದರಿದಂತೆ, ಕುದುರೆಯೂ ಕತ್ತಿಯೂ ಕೊಡುತ್ತಿದ್ದ ಸ್ಥಾನಮಾನಗಳು ಬಹುಮಟ್ಟಿಗೆ ಕ್ಷೀಣಿಸಿದುವು. 1831ರಲ್ಲಿ ಆಡಳಿತವು ಆಂಗ್ಲರ ಕೈಗೆ ಹೋಗಿ 1881ರಲ್ಲಿ ಮರಳುವ ವೇಳೆಗೆ ಸರಕಾರದ ಕಚೇರಿಯೂ ಇಂಗ್ಲಿಷ್ ವಿದ್ಯೆಯೂ ಮೇಲ್ಮೆಗೆ ಹೊಸ ದಾರಿಗಳಾಗಿದ್ದುವು. ಆ ದಾರಿಯಲ್ಲಿ ಬ್ರಾಹ್ಮಣರು ಮುಂದೆ ಸಾಗಿದ್ದರು. 1917ರಲ್ಲಿ ಪ್ರಜಾಮಿತ್ರ ಮಂಡಲಿಯು ಹುಟ್ಟಿತು. ಮರುವರ್ಷ ನಾಲ್ವಡಿ ಕೃಷ್ಣರಾಜ ಒಡೆಯರು ನೇಮಿಸಿದ ಮಿಲ್ಲರ್ ಸಮಿತಿಯ ಎಣಿಕೆಯಲ್ಲಿ ಲಿಂಗಾಯತರೂ ಒಕ್ಕಲಿಗರೂ ಮುಸಲ್ಮಾನರೂ ಒಂದೇ ಹೆಸರಿನಡಿ, ಹಿಂದುಳಿದ ಕೋಮುಗಳೆಂದು, ನಿಂತರು. ಏಳು ವರ್ಷಗಳೊಳಗೆ ಮೇಲ್ತರದ ಹುದ್ದೆಗಳಲ್ಲಿ ಅರ್ಧವೂ ಕೆಳತರದವುಗಳಲ್ಲಿ ಮೂರರಲ್ಲೆರಡು ಪಾಲೂ ಇವರಿಗೆ ಸಲ್ಲಬೇಕೆಂದು ಸಮಿತಿಯು ಶಿಫಾರಸು ಮಾಡಿತು. ಪೂರ್ಣಯ್ಯನ ಕುಲದವರು ಆ ಹೆಸರಿನ ಹೊರಗಿದ್ದರು.