ಅಂಟಾರ್ಕ್ಟಿಕ ನೌಕಾಯಾನದಲ್ಲಿ ಛಾಯಾಗ್ರಹಣ

ಅಂಟಾರ್ಕ್ಟಿಕ ನೌಕಾಯಾನದ ಛಾಯಾಗ್ರಹಣವು ದಕ್ಷಿಣ ಧ್ರುವಪ್ರದೇಶಕ್ಕೆ ಪ್ರವಾಸಿ ಹಡಗುಗಳಲ್ಲಿ ತೆರಳುವವರು ಅಲ್ಲಿನ ಭೂದೃಶ್ಯ ಮತ್ತು ವನ್ಯಜೀವಿಗಳ ಚಿತ್ರಗಳನ್ನು ತೆಗೆಯುವ ಹವ್ಯಾಸ ಹಾಗೂ ವೃತ್ತಿಯಾಗಿದೆ. ಬಹುಪಾಲು ಹಡಗುಗಳು ನವೆಂಬರ್‌ನಿಂದ ಮಾರ್ಚ್‌ವರೆಗಿನ ದಕ್ಷಿಣಾರ್ಧಗೋಳದ ಬೇಸಿಗೆಯಲ್ಲಿ ಅರ್ಜೆಂಟೀನಾದ ಉಶುಆಯಾ ಬಂದರಿನಿಂದ ಹೊರಟು, ಸುಮಾರು ಎರಡು ದಿನಗಳಲ್ಲಿ ಡ್ರೇಕ್ ಜಲಮಾರ್ಗವನ್ನು ದಾಟಿ, ಅಂಟಾರ್ಕ್ಟಿಕ ಪರ್ಯಾಯ ದ್ವೀಪವನ್ನು ತಲುಪುತ್ತವೆ. ಎಲ್ಲಿ ಇಳಿಯಬೇಕು, ಎಷ್ಟು ಹತ್ತಿರ ಹೋಗಬಹುದು ಎಂಬುದು ಇಲ್ಲಿ ಛಾಯಾಗ್ರಾಹಕರ ಆಯ್ಕೆಯಲ್ಲ. ಅದನ್ನು ಹವಾಮಾನ, ನಿಯಮಗಳು ಮತ್ತು ಪ್ರಾಣಿಗಳ ವರ್ತನೆ ನಿರ್ಧರಿಸುತ್ತವೆ.

ಇತಿಹಾಸ

ಹರ್ಬರ್ಟ್ ಪಾಂಟಿಂಗ್ ಅವರು 1910–13ರ ಟೆರಾ ನೋವಾ ಯಾತ್ರೆಯಲ್ಲಿ ವೃತ್ತಿಪರ ಛಾಯಾಗ್ರಾಹಕರಾಗಿ ಪಾಲ್ಗೊಂಡು, ಕೇಪ್ ಇವಾನ್ಸ್‌ನ ಗುಡಿಸಲಿನಲ್ಲಿ ಕತ್ತಲೆಕೋಣೆಯನ್ನು ನಿರ್ಮಿಸಿಕೊಂಡಿದ್ದರು. ಶಾಕಲ್ಟನ್ನರ ಎಂಡ್ಯೂರೆನ್ಸ್ ಹಡಗು 1915ರಲ್ಲಿ ಮಂಜುಗಡ್ಡೆಯ ನಡುವೆ ಸಿಲುಕಿ ನಜ್ಜುಗುಜ್ಜಾದಾಗ, ಫ್ರಾಂಕ್ ಹರ್ಲಿ ಅವರು ನೀರು ತುಂಬಿದ ಹಡಗಿನೊಳಗೆ ಇಳಿದು ತಮ್ಮ ಗಾಜಿನ ನೆಗೆಟಿವ್‌ಗಳನ್ನು ಹೊರತೆಗೆದರು. ಎಲ್ಲವನ್ನೂ ಹೊತ್ತೊಯ್ಯುವುದು ಅಸಾಧ್ಯವಾಗಿತ್ತು. ಹೀಗಾಗಿ ಶಾಕಲ್ಟನ್ನರೊಡನೆ ಕುಳಿತು ಸುಮಾರು 120 ಫಲಕಗಳನ್ನು ಆರಿಸಿಕೊಂಡು, ಮನಸ್ಸು ಬದಲಾಗದಿರಲೆಂದು ಉಳಿದ ಸುಮಾರು 400ನ್ನು ಅಲ್ಲಿಯೇ ಒಡೆದುಹಾಕಿದರು. ಆ ಬಳಿಕದ ಚಿತ್ರಗಳನ್ನು ಅವರು ತೆಗೆದದ್ದು ಒಂದು ಸಣ್ಣ ಕೊಡಾಕ್ ಕ್ಯಾಮೆರಾ ಮತ್ತು ಮೂರು ಸುರುಳಿ ಫಿಲ್ಮ್‌ನಿಂದ. ಪ್ರವಾಸಿಗರ ಯಾನಗಳಿಗೆ ಇಂದಿನ ರೂಪ ಬಂದದ್ದು 1966ರಲ್ಲಿ ಲಾರ್ಸ್-ಎರಿಕ್ ಲಿಂಡ್‌ಬ್ಲಾಡ್ ಅವರು ನಡೆಸಿದ ಯಾತ್ರೆಯ ನಂತರ.

ಬೆಳಕು ಮತ್ತು ಉಪಕರಣ

ಕ್ಯಾಮೆರಾದ ಬೆಳಕುಮಾಪಕವು ದೃಶ್ಯವನ್ನು ಮಧ್ಯಮ ಬೂದುಬಣ್ಣದ್ದೆಂದು ಎಣಿಸುವುದರಿಂದ ಹಿಮವು ಚಿತ್ರದಲ್ಲಿ ಮಂಕಾಗಿ ಕಾಣುತ್ತದೆ. ಇದನ್ನು ಸರಿಪಡಿಸಲು ಎಕ್ಸ್‌ಪೋಷರನ್ನು ಸಾಮಾನ್ಯವಾಗಿ ಒಂದರಿಂದ ಎರಡು ಸ್ಟಾಪ್‌ಗಳಷ್ಟು ಹೆಚ್ಚಿಸಲಾಗುತ್ತದೆ. ಆದರೆ ಹೆಚ್ಚಳ ಮಿತಿಮೀರಿದರೆ ಹಿಮದ ಸೂಕ್ಷ್ಮ ರಚನೆಯೇ ಅಳಿಸಿಹೋಗುತ್ತದೆ. ಕಪ್ಪು ಬೆನ್ನು, ಬಿಳಿ ಎದೆಯ ಪೆಂಗ್ವಿನ್‌ಗಳಲ್ಲಿ ಈ ತೊಡಕು ಇನ್ನೂ ಹೆಚ್ಚು. ಮೋಡ ಕವಿದ ದಿನವನ್ನು ಹೊಸಬರು ನಷ್ಟವೆಂದು ಭಾವಿಸುವುದುಂಟು. ವಾಸ್ತವದಲ್ಲಿ ಮಂಜುಗಡ್ಡೆಯ ನೀಲಿ ಆಗಲೇ ಚೆನ್ನಾಗಿ ಎದ್ದು ಕಾಣುತ್ತದೆ. ಗಾಳಿಗುಳ್ಳೆಗಳು ಹಿಂಡಿಹೋದ ಹಳೆಯ ಗಡ್ಡೆಯು ಬೆಳಕಿನ ಕೆಂಪು ಭಾಗವನ್ನು ಹೀರಿಕೊಳ್ಳುವುದೇ ಆ ಬಣ್ಣಕ್ಕೆ ಕಾರಣ.

ಚಳಿಯಲ್ಲಿ ಬ್ಯಾಟರಿಗಳ ಸಾಮರ್ಥ್ಯ ಕುಗ್ಗುವುದರಿಂದ ಹೆಚ್ಚುವರಿ ಬ್ಯಾಟರಿಗಳನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಳ್ಳುವುದು ರೂಢಿ. ತಣ್ಣಗಾದ ಕ್ಯಾಮೆರಾವನ್ನು ಬೆಚ್ಚಗಿನ ಕೋಣೆಗೆ ನೇರವಾಗಿ ತಂದರೆ ಮಸೂರದ ಮೇಲೆ ತೇವ ಕೂಡುತ್ತದೆ. ಹೊರಗಿರುವಾಗಲೇ ಅದನ್ನು ಗಾಳಿಯಾಡದ ಚೀಲದಲ್ಲಿ ಮುಚ್ಚಿಟ್ಟರೆ ಈ ತೊಂದರೆ ತಪ್ಪುತ್ತದೆ. ಜೋಡಿಯಾಕ್ ಎಂಬ ರಬ್ಬರ್ ದೋಣಿಗಳಲ್ಲಿ ಮುಕ್ಕಾಲಿಗಳು ನಿರುಪಯುಕ್ತ. ಅಲ್ಲಿ 1/1000 ಸೆಕೆಂಡಿನಷ್ಟು ಷಟರ್ ವೇಗವೇ ಆಧಾರ.

ವನ್ಯಜೀವಿಗಳು ಮತ್ತು ಅಂತರ

1991ರಲ್ಲಿ ಸ್ಥಾಪನೆಯಾದ ಅಂಟಾರ್ಕ್ಟಿಕ ಪ್ರವಾಸ ನಿರ್ವಾಹಕರ ಅಂತರರಾಷ್ಟ್ರೀಯ ಸಂಘದ ನಿಯಮಗಳಂತೆ ವನ್ಯಜೀವಿಗಳಿಂದ ಕನಿಷ್ಠ 5 ಮೀಟರ್, ತುಪ್ಪಳದ ಸೀಲ್‌ಗಳಿಂದ 15 ಮೀಟರ್ ದೂರವಿರಬೇಕು. ಒಂದು ಸ್ಥಳದಲ್ಲಿ ಏಕಕಾಲಕ್ಕೆ 100ಕ್ಕಿಂತ ಹೆಚ್ಚು ಪ್ರವಾಸಿಗರು ದಡದಲ್ಲಿರುವಂತಿಲ್ಲ. 500ಕ್ಕೂ ಹೆಚ್ಚು ಪ್ರಯಾಣಿಕರಿರುವ ಹಡಗುಗಳಿಗೆ ಇಳಿಯುವ ಅವಕಾಶವೇ ಇಲ್ಲ.

ಈ ಅಂತರಕ್ಕೆ ಜೈವಿಕ ಕಾರಣಗಳಿವೆ. ಕಾವು ಕೊಡುತ್ತಿರುವ ಪೆಂಗ್ವಿನ್ ಗಾಬರಿಗೊಂಡು ಎದ್ದರೆ, ಸಮೀಪದಲ್ಲೇ ಹೊಂಚುಹಾಕುವ ಸ್ಕುವಾ ಹಕ್ಕಿ ಮೊಟ್ಟೆಯನ್ನು ಕಸಿದೊಯ್ಯಬಹುದು. ಗರಿ ಉದುರಿಸುವ ವಾರಗಳಲ್ಲಿ ಪೆಂಗ್ವಿನ್‌ಗಳು ಬೇಟೆಗಾಗಿ ಸಮುದ್ರಕ್ಕಿಳಿಯಲಾರವು. ದೇಹದ ಕೊಬ್ಬೇ ಅವುಗಳ ಆಹಾರ. ಆಗ ಅವನ್ನು ಓಡಾಡಿಸುವುದೆಂದರೆ ಆ ದಾಸ್ತಾನನ್ನು ಕರಗಿಸುವುದೇ ಸರಿ. ಸಮುದ್ರಕ್ಕೂ ಗೂಡುಗಳಿಗೂ ನಡುವೆ ಅವು ತುಳಿದು ಮಾಡಿಕೊಂಡ ಹಾದಿಗಳಲ್ಲಿ ಮನುಷ್ಯರು ನಿಲ್ಲಬಾರದು. ಹಿಮದಲ್ಲಿ ಮೂಡಿದ ಆಳವಾದ ಬೂಟಿನ ಗುಂಡಿಗಳಲ್ಲಿ ಹಕ್ಕಿಗಳು ಸಿಲುಕುವುದರಿಂದ ಅವನ್ನು ಮುಚ್ಚಬೇಕಾಗುತ್ತದೆ. ಬದಿಗೆ ಸರಿದು ಸುಮ್ಮನೆ ನಿಂತವರ ಬಳಿಗೆ ಪೆಂಗ್ವಿನ್ ತಾನಾಗಿಯೇ ಬರುವುದು ಅಪರೂಪವಲ್ಲ. ಉತ್ತಮ ನಿಕಟಚಿತ್ರಗಳು ಹಲವು ಬಾರಿ ಹೀಗೆಯೇ ದೊರೆಯುತ್ತವೆ.

ಹಕ್ಕಿಯ ಕಣ್ಣಿನ ಮಟ್ಟಕ್ಕೆ ಮಲಗಿ ಚಿತ್ರ ತೆಗೆಯುವುದು ಹಿಂದೆ ಸಾಮಾನ್ಯ ವಿಧಾನವಾಗಿತ್ತು. ತೀವ್ರ ರೋಗಕಾರಕ ಹಕ್ಕಿಜ್ವರವು 2023ರ ಅಕ್ಟೋಬರ್‌ನಲ್ಲಿ ದಕ್ಷಿಣ ಜಾರ್ಜಿಯಾ ಬಳಿಯ ಬರ್ಡ್ ದ್ವೀಪದಲ್ಲಿಯೂ 2024ರ ಫೆಬ್ರುವರಿಯಲ್ಲಿ ಅಂಟಾರ್ಕ್ಟಿಕ ಮುಖ್ಯಭೂಮಿಯಲ್ಲಿಯೂ ದೃಢಪಟ್ಟಿತು. ಸೋಂಕು ಹರಡದಂತೆ ತಡೆಯಲು ಈಗ ದಡದಲ್ಲಿ ಕೂರುವುದು, ಮಂಡಿಯೂರುವುದು, ಮಲಗುವುದು ಹಾಗೂ ಚೀಲಗಳನ್ನು ನೆಲದ ಮೇಲಿಡುವುದನ್ನು ಸಂಘವು ನಿರ್ಬಂಧಿಸಿದೆ. ಆದ್ದರಿಂದ ಕೆಳಕೋನದ ಚಿತ್ರ ಬೇಕೆನ್ನುವವರು ತಿರುಗುವ ಪರದೆಯ ಕ್ಯಾಮೆರಾವನ್ನು ಕೈಯಲ್ಲಿ ತಗ್ಗಿಸಿ ಹಿಡಿಯುತ್ತಾರೆ, ಇಲ್ಲವೇ ನೀರಿನ ಮಟ್ಟಕ್ಕೆ ಸಮೀಪವಿರುವ ಜೋಡಿಯಾಕ್‌ನಿಂದಲೇ ಚಿತ್ರ ತೆಗೆಯುತ್ತಾರೆ.