ಲ್ಯಾಪ್‌ಟಾಪ್ ಚಿಪ್ ಸಮರ: ಸುದ್ದಿ ಎಷ್ಟು, ಪ್ರಚಾರ ಎಷ್ಟು?

ಲ್ಯಾಪ್‌ಟಾಪ್‌ನ ಮಿದುಳೆನಿಸಿದ ಪ್ರೊಸೆಸರ್‌ ಕ್ಷೇತ್ರದಲ್ಲಿ ಇಂಟೆಲ್ ಮತ್ತು ಎಎಂಡಿ ಸಂಸ್ಥೆಗಳ ಪೈಪೋಟಿ ಎರಡು ದಶಕಗಳಿಂದ ಮಾಧ್ಯಮಗಳಿಗೆ ಬಿಸಿ ಸುದ್ದಿ. ಆದರೆ 'ಅತಿ ವೇಗದ ಚಿಪ್' ಎಂಬ ಶೀರ್ಷಿಕೆಯ ಹಿಂದಿರುವ ಅಂಕಿಗಳು ಅನೇಕ ವೇಳೆ ತಯಾರಕರೇ ಕೊಟ್ಟವು. ಸಾವಿರಾರು ರೂಪಾಯಿ ತೆತ್ತು ಲ್ಯಾಪ್‌ಟಾಪ್ ಕೊಳ್ಳುವ ಗ್ರಾಹಕ ಈ ಹಿನ್ನೆಲೆಯನ್ನು ಅರಿತಿರುವುದು ಒಳಿತು.

ಗಿಗಾಹರ್ಟ್ಸ್ ಮೋಹ

ಒಂದು ಕಾಲದಲ್ಲಿ ಪ್ರೊಸೆಸರ್ ಸುದ್ದಿಯೆಂದರೆ ಗಿಗಾಹರ್ಟ್ಸ್ ಲೆಕ್ಕವೇ ಆಗಿತ್ತು. 2003ರ ಮಾರ್ಚ್‌ನಲ್ಲಿ ಇಂಟೆಲ್ ಸಂಸ್ಥೆಯು ಪೆಂಟಿಯಂ ಎಂ ಪ್ರೊಸೆಸರ್, ಚಿಪ್‌ಸೆಟ್ ಹಾಗೂ ವೈ-ಫೈಗಳನ್ನು ಒಗ್ಗೂಡಿಸಿ 'ಸೆಂಟ್ರಿನೊ' ಹೆಸರಿನಲ್ಲಿ ಬಿಡುಗಡೆ ಮಾಡಿತು. ಇಸ್ರೇಲ್‌ನ ಹೈಫಾದಲ್ಲಿ ರೂಪುಗೊಂಡ ಈ ಚಿಪ್‌ನ ಗಿಗಾಹರ್ಟ್ಸ್ ಪೆಂಟಿಯಂ 4ಕ್ಕಿಂತ ಕಡಿಮೆಯಿದ್ದರೂ ಕೆಲಸದಲ್ಲಿ ಅದು ಹಿಂದೆ ಬೀಳಲಿಲ್ಲ. ಬ್ಯಾಟರಿ ಬಾಳಿಕೆಯೂ ಹೆಚ್ಚಿತು. ಒಂದೇ ಅಂಕಿಯಿಂದ ಚಿಪ್‌ನ ಯೋಗ್ಯತೆ ಅಳೆಯುವ ವರದಿಗಾರಿಕೆಯ ಮಿತಿ ಇದರಿಂದ ಬಯಲಾಯಿತು. 2005ರ ಮಾರ್ಚ್‌ನಲ್ಲಿ ಎಎಂಡಿ 'ಟ್ಯೂರಿಯನ್ 64' ಮೂಲಕ ಉತ್ತರ ನೀಡಿತು.

ಪತ್ರಿಕೆಯಲ್ಲೇ ಸಮರ

ಅದೇ ವರ್ಷದ ಜೂನ್‌ನಲ್ಲಿ ಎಎಂಡಿ, ಪ್ರತಿಸ್ಪರ್ಧಿಯ ಚಿಪ್ ಕೊಳ್ಳದಂತೆ ಕಂಪ್ಯೂಟರ್ ತಯಾರಕರ ಮೇಲೆ ಇಂಟೆಲ್ ಪ್ರಭಾವ ಬೀರುತ್ತಿದೆ ಎಂದು ಆರೋಪಿಸಿ ಅಮೆರಿಕದಲ್ಲಿ ಮೊಕದ್ದಮೆ ಹೂಡಿತು. ತನ್ನ ವಾದವನ್ನು ವಿವರಿಸಿ ಪತ್ರಿಕೆಗಳಲ್ಲಿ ಪೂರ್ಣಪುಟದ ಜಾಹೀರಾತನ್ನೂ ನೀಡಿತು. 2009ರ ನವೆಂಬರ್‌ನಲ್ಲಿ ಇಂಟೆಲ್ 125 ಕೋಟಿ ಡಾಲರ್ ನೀಡಲು ಒಪ್ಪುವುದರೊಂದಿಗೆ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು.

ಅಳತೆಗೋಲಿನ ತಕರಾರು

ಚಿಪ್‌ನ ಸಾಮರ್ಥ್ಯ ಅಳೆಯುವ ತಂತ್ರಾಂಶಕ್ಕೆ ಬೆಂಚ್‌ಮಾರ್ಕ್ ಎಂದು ಹೆಸರು. 'ಸಿಸ್‌ಮಾರ್ಕ್' ಎಂಬ ಬೆಂಚ್‌ಮಾರ್ಕ್ ನ್ಯಾಯಯುತವಾಗಿಲ್ಲ ಎಂದು ಆಕ್ಷೇಪಿಸಿದ ಎಎಂಡಿ, ಅದನ್ನು ರೂಪಿಸುವ ಬ್ಯಾಪ್ಕೊ ಒಕ್ಕೂಟದಿಂದ 2011ರಲ್ಲಿ ಹೊರನಡೆಯಿತು. 2020ರ ನವೆಂಬರ್‌ನಲ್ಲಿ ಆಪಲ್ ತನ್ನ ಎಂ1 ಚಿಪ್ ಪ್ರಕಟಿಸಿದಾಗ ತೋರಿಸಿದ ನಕ್ಷೆಗಳಲ್ಲಿ ಸ್ಪಷ್ಟ ಅಂಕಿಗಳೇ ಇರಲಿಲ್ಲ. ಸ್ವತಂತ್ರ ಪರೀಕ್ಷೆಗಳ ಬಳಿಕವಷ್ಟೇ ಚಿಪ್‌ನ ನಿಜವಾದ ಸಾಮರ್ಥ್ಯ ದೃಢಪಟ್ಟಿತು. 2023ರ ಡಿಸೆಂಬರ್‌ನಲ್ಲಿ ಇಂಟೆಲ್, ಎಎಂಡಿ ಹಳೆಯ ವಿನ್ಯಾಸಕ್ಕೆ ಹೊಸ ಸಂಖ್ಯೆ ಅಂಟಿಸಿ ಮಾರುತ್ತಿದೆ ಎಂದು ದೂರಿತು. ಇಂಟೆಲ್ ಕೂಡ ಹಾಗೆ ಮಾಡಿದ್ದುಂಟೆಂದು ತಂತ್ರಜ್ಞಾನ ಪತ್ರಕರ್ತರು ನೆನಪಿಸಿದರು. ಟೀಕೆಯ ಬಳಿಕ ಆ ಪ್ರಚಾರ ಸಾಮಗ್ರಿ ಹಿಂದೆ ಸರಿಯಿತು.

ಗ್ರಾಹಕರು ಗಮನಿಸಬೇಕಾದ್ದು

ಒಂದೇ ಪ್ರೊಸೆಸರ್ ಎರಡು ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ವೇಗ ತೋರಬೇಕೆಂದಿಲ್ಲ. ತೆಳ್ಳನೆಯ ಯಂತ್ರದಲ್ಲಿ ಶಾಖ ಹೊರಹೋಗಲು ಅವಕಾಶ ಕಡಿಮೆಯಾದ್ದರಿಂದ ಚಿಪ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಕೆಲವು ಯಂತ್ರಗಳು ವಿದ್ಯುತ್ ಸಂಪರ್ಕ ತಪ್ಪಿಸಿ ಬ್ಯಾಟರಿಗೆ ಬದಲಾದೊಡನೆ ನಿಧಾನವಾಗುತ್ತವೆ.

ಆದ್ದರಿಂದ ಯಾವುದೇ ವರದಿ ಓದುವಾಗ ಪರೀಕ್ಷಿಸಿದವರು ಯಾರು, ಯಾವ ಮಾದರಿಯ ಲ್ಯಾಪ್‌ಟಾಪ್ ಮೇಲೆ, ಬ್ಯಾಟರಿಯಲ್ಲೋ ಪ್ಲಗ್ ಹಾಕಿಯೋ ಎಂಬ ಮೂರು ಸಂಗತಿಗಳನ್ನು ನೋಡಬೇಕು. ಆಳವಾದ ಚಿಪ್ ಪರೀಕ್ಷೆಗೆ ಹೆಸರಾಗಿದ್ದ, 1997ರಲ್ಲಿ ಆರಂಭವಾದ 'ಆನಂದ್‌ಟೆಕ್' 2024ರ ಆಗಸ್ಟ್‌ನಲ್ಲಿ ಪ್ರಕಟಣೆ ನಿಲ್ಲಿಸಿತು. ಇಂತಹ ಸ್ವತಂತ್ರ ಪರೀಕ್ಷಕರು ಕಡಿಮೆಯಾದಷ್ಟೂ ತಯಾರಕರ ಮಾತೇ ಸುದ್ದಿಯಾಗುವ ಅಪಾಯ ಹೆಚ್ಚುತ್ತದೆ.