ಸೇನೆಯಲ್ಲಿ ಮನೋವೈದ್ಯ ವೃತ್ತಿ: ಹಾದಿಯೂ ಹೊಣೆಯೂ

ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿ ನಾಗರಹೊಳೆ ಅರಣ್ಯದ ಅಂಚಿನ ಊರು. ಕಾಡಿನ ಆಚೆಗೆ ಯೋಧರ ನಾಡೆಂದೇ ಹೆಸರಾದ ಕೊಡಗು. ಇಂತಹ ಊರುಗಳ ವಿದ್ಯಾರ್ಥಿಗಳಿಗೆ ಸೇನೆ ಎಂದೊಡನೆ ಸಮವಸ್ತ್ರ ಮತ್ತು ಬಂದೂಕು ನೆನಪಾಗುವುದು ಸಹಜ. ಯೋಧರ ಮನಸ್ಸಿನ ಆರೋಗ್ಯವನ್ನು ಕಾಯುವ ತಜ್ಞರಿಗೂ ಅಲ್ಲಿ ಸ್ಥಾನವಿದೆ. ಅದಕ್ಕೆ ಬೇಕಾದ ಶಿಕ್ಷಣದ ಬಹುಪಾಲು ಮೈಸೂರು, ಬೆಂಗಳೂರುಗಳಲ್ಲೇ ಲಭ್ಯ.

ವೈದ್ಯರ ಹಾದಿ

ಪಿಯುಸಿ ವಿಜ್ಞಾನದ ಬಳಿಕ ನೀಟ್ ಮೂಲಕ ಎಂಬಿಬಿಎಸ್, ಅನಂತರ ಮನೋವೈದ್ಯಶಾಸ್ತ್ರದಲ್ಲಿ ಮೂರು ವರ್ಷಗಳ ಎಂ.ಡಿ. ಪೂರೈಸಬೇಕು. 1948ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಎಂಬಿಬಿಎಸ್ ಓದುವವರು ಸೇನಾ ವೈದ್ಯಾಧಿಕಾರಿಗಳಾಗಿ ಸೇವೆ ಸಲ್ಲಿಸುವ ಕರಾರಿಗೆ ಒಳಪಡುತ್ತಾರೆ. 1924ರಲ್ಲಿ ಆರಂಭವಾದ ಮೈಸೂರು ವೈದ್ಯಕೀಯ ಕಾಲೇಜಿನಂತಹ ಸಂಸ್ಥೆಗಳಲ್ಲಿ ಓದಿದವರೂ ಶಾರ್ಟ್ ಸರ್ವಿಸ್ ಕಮಿಷನ್ ಮೂಲಕ ಸೇನಾ ವೈದ್ಯಕೀಯ ದಳವನ್ನು ಸೇರಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಎಂ.ಡಿ. ಪ್ರವೇಶಕ್ಕೆ ಐಎನ್ಐ-ಸಿಇಟಿ ಎಂಬ ಪ್ರತ್ಯೇಕ ಪರೀಕ್ಷೆ ಇದೆ.

ಮನೋವಿಜ್ಞಾನ ಮತ್ತು ಶುಶ್ರೂಷೆ

ಮನೋವಿಜ್ಞಾನ ಮೈಸೂರಿಗೆ ಹೊಸದಲ್ಲ. 1924ರಲ್ಲೇ ಇಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ಅವರ ನೇತೃತ್ವದಲ್ಲಿ ಈ ವಿಭಾಗ ಆರಂಭವಾಯಿತು. ಆದರೆ ಸ್ನಾತಕೋತ್ತರ ಪದವಿಯೊಂದರಿಂದಲೇ ಚಿಕಿತ್ಸೆ ನೀಡುವಂತಿಲ್ಲ. ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ ಮತ್ತು ನೋಂದಣಿ ಅಗತ್ಯ. ಅಧಿಕಾರಿ ಹುದ್ದೆಯ ಆಕಾಂಕ್ಷಿಗಳನ್ನು ಪರೀಕ್ಷಿಸುವ ಸೇವಾ ಆಯ್ಕೆ ಮಂಡಳಿಗಳಲ್ಲೂ ಮನೋವಿಜ್ಞಾನಿಗಳಿರುತ್ತಾರೆ. ಅವರ ಕೆಲಸ ಆಯ್ಕೆಯೇ ಹೊರತು ಚಿಕಿತ್ಸೆಯಲ್ಲ. ವಿಜ್ಞಾನ ಓದಿದ ಯುವತಿಯರಿಗೆ ಮಿಲಿಟರಿ ನರ್ಸಿಂಗ್ ಸೇವೆಯ ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಮತ್ತೊಂದು ಹಾದಿ. ಬೆಂಗಳೂರಿನ ವಾಯುಪಡೆ ಕಮಾಂಡ್ ಆಸ್ಪತ್ರೆಯಲ್ಲೂ ಇದರ ಕಾಲೇಜಿದೆ.

ಎರಡು ಹೊಣೆ

ಈ ವೃತ್ತಿಯ ನಿಜವಾದ ಕಷ್ಟ ಪರೀಕ್ಷೆಗಳಲ್ಲಿಲ್ಲ. ಸೇನೆಯಲ್ಲಿ ಸಿಬ್ಬಂದಿಯ ಆರೋಗ್ಯವನ್ನು 'ಶೇಪ್' ಎಂಬ ವರ್ಗೀಕರಣದಿಂದ ಅಳೆಯಲಾಗುತ್ತದೆ. ಅದರ ಮೊದಲ ಅಂಶವೇ ಮಾನಸಿಕ ಸ್ಥಿತಿ. ನಗರದ ಆಸ್ಪತ್ರೆಯ ಮನೋವೈದ್ಯರು ರೋಗಿಗಷ್ಟೇ ಉತ್ತರದಾಯಿ. ಸೇನೆಯ ವೈದ್ಯರಾದರೋ ರೋಗಿಗೂ ಉತ್ತರಿಸಬೇಕು, ಸೇನೆಗೂ ಉತ್ತರಿಸಬೇಕು. ಅವರು ಬರೆಯುವ ಅಭಿಪ್ರಾಯದ ಮೇಲೆ ಯೋಧ ಆಯುಧ ಹಿಡಿಯಬಹುದೇ, ಎಲ್ಲಿ ನಿಯೋಜನೆಗೊಳ್ಳಬಹುದು, ಬಡ್ತಿಗೆ ಅರ್ಹನೇ ಎಂಬುದು ನಿಂತಿರಬಹುದು. ಇದನ್ನು ಬಲ್ಲ ಯೋಧ ನಿದ್ದೆಗೇಡು, ಭಯ, ಖಿನ್ನತೆಗಳನ್ನು ಮುಚ್ಚಿಡುವ ಸಂಭವವಿದೆ. ಮುಚ್ಚಿಟ್ಟ ಕಾಯಿಲೆ ಅವನಿಗೂ ಸಹಯೋಧರಿಗೂ ಅಪಾಯ. ಹೇಳಿಕೊಂಡರೆ ಸಂಬಳ ನಂಬಿದ ಮನೆಯವರಿಗೆ ಆತಂಕ.

ದೇಶದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 2022ರಲ್ಲಿ ಆರಂಭವಾಯಿತು. ಅದರ ಸಂಖ್ಯೆ 14416. 2023ರ ಡಿಸೆಂಬರ್ 1ರಂದು ಸಶಸ್ತ್ರ ಪಡೆಗಳಿಗೆಂದೇ ಇದರ ಪ್ರತ್ಯೇಕ ಘಟಕವನ್ನು ಪುಣೆಯ ಇದೇ ಕಾಲೇಜಿನಲ್ಲಿ ಪ್ರಾಯೋಗಿಕವಾಗಿ ತೆರೆಯಲಾಯಿತು. ಯೋಧರ ಮನದ ಅಳಲಿಗೆ ಪ್ರತ್ಯೇಕ ಕಿವಿ ಬೇಕೆಂಬುದನ್ನು ಈ ಕ್ರಮ ಒಪ್ಪಿಕೊಂಡಂತಾಯಿತು.

ವಯೋಮಿತಿ, ಸೇವಾವಧಿ ಹಾಗೂ ದೈಹಿಕ ಅರ್ಹತೆಗಳು ಕಾಲಕಾಲಕ್ಕೆ ಬದಲಾಗುವುದರಿಂದ ಆಯಾ ವರ್ಷದ ಅಧಿಸೂಚನೆಯನ್ನೇ ನೋಡತಕ್ಕದ್ದು. ಅಂಕಗಳ ಜೊತೆಗೆ ಈ ಎರಡು ಹೊಣೆಗಳ ನಡುವೆ ಪ್ರಾಮಾಣಿಕವಾಗಿ ನಿಲ್ಲಬಲ್ಲ ಸ್ಥೈರ್ಯ ತಮ್ಮಲ್ಲಿದೆಯೇ ಎಂಬುದನ್ನೂ ಆಕಾಂಕ್ಷಿಗಳು ಮೊದಲೇ ಯೋಚಿಸುವುದು ಒಳಿತು.